ನಲಿಕಲಿಯ ಏಣಿ ಮೂರನೇ ತರಗತಿಗೇ ನಿಲ್ಲದಿರಲಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆಯ ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾವು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯವರು. ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳು ಈಗ ಶಾಲೆಗೆ ಹೋಗುತ್ತಿಲ್ಲ, ಮನೆಯಲ್ಲೇ ಕಲಿಯುತ್ತಿದ್ದಾಳೆ. ಪಾಠ ಹೇಳಿಕೊಡುವವಳು ನಾನು. ಅವಳಿಗೆ ಕಲಿಯಲು ಬರುತ್ತದೆ, ಆದರೆ ಹೊತ್ತು ಜಾಸ್ತಿ ಬೇಕು. ಉಳಿದ ಮಕ್ಕಳು ಒಂದು ವಾರದಲ್ಲಿ ಮುಗಿಸುವ ಪಾಠ ಇವಳಿಗೆ ಒಂದು ತಿಂಗಳು ಹಿಡಿಯುತ್ತದೆ. ಇಂಥ ಮಗುವಿಗೆ ಸರ್ಕಾರದ ದಾಖಲೆಯಲ್ಲಿ ಇರುವುದು ಒಂದೇ ಹೆಸರು: ಶಾಲೆಯಿಂದ ಹೊರಗುಳಿದ ಮಗು. ಕೂಲಿಗೆ ಹೋಗುವ ಮಗುವಿಗೂ ಅದೇ ಹೆಸರು, ಬೆಳಗ್ಗೆ ಎದ್ದು ಭಾಗಾಕಾರ ಮಾಡುತ್ತಾ ಕೂರುವ ಮಗುವಿಗೂ ಅದೇ ಹೆಸರು.

ನಾನು ಹಣ ಕೇಳಿ ಬರೆಯುತ್ತಿಲ್ಲ. ನನ್ನ ಮಗಳಿಗೆ ಸಮಯ ಕೊಡಿ ಅಂತ ಕೇಳುತ್ತಿದ್ದೇನೆ. ಅವಳ ಹಾಗೆ ನಿಧಾನವಾಗಿ ಕಲಿಯುತ್ತಾ ಶಾಲೆಯಲ್ಲೇ ಕುಳಿತಿರುವ ಸಾವಿರಾರು ಮಕ್ಕಳಿಗೂ ಕೊಡಿ. ಇದು ನಿಮ್ಮ ಇಲಾಖೆಗೆ ಹೊಸ ಮಾತೇನೂ ಅಲ್ಲ. ಮಕ್ಕಳು ತಮ್ಮ ವೇಗದಲ್ಲೇ ಕಲಿಯುವ ನಲಿಕಲಿ ಪದ್ಧತಿ ಮಾಡಿದವರು ನೀವೇ ಅಲ್ವಾ?

ನಲಿಕಲಿ ಹುಟ್ಟಿದ್ದು 1995ರ ಹೊತ್ತಿಗೆ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಕೊಂಡು ಬಂದರು. ಕಾಡಂಚಿನ ತಮ್ಮ ಶಾಲೆಗಳಿಗೆ ತಕ್ಕ ಹಾಗೆ ಅದನ್ನು ಕನ್ನಡದಲ್ಲಿ ಕಟ್ಟಿದರು. ಯುನಿಸೆಫ್ ನೆರವಾಯಿತು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯವರೆಗೆ ಇವತ್ತಿಗೂ ನಮ್ಮ ಮಕ್ಕಳು ಕಲಿಯುವುದು ಹಾಗೆಯೇ.

ಅದು ನಡೆಯುವ ರೀತಿ ನಿಮಗೆ ಗೊತ್ತು. ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರಲ್ಲಿ ಮೈಲಿಗಲ್ಲುಗಳು. ಮಗು ಏಣಿ ನೋಡಿ ತನ್ನ ಕಾರ್ಡು ತಾನೇ ಹುಡುಕಿಕೊಳ್ಳುತ್ತದೆ. ಕಾರ್ಡಿನಲ್ಲಿರುವ ಗುರುತು ನೋಡಿ ತನ್ನ ತಟ್ಟೆಗೆ, ಅಂದರೆ ತನ್ನ ಗುಂಪಿಗೆ, ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಮಾಡಿಕೊಳ್ಳುತ್ತದೆ. ಅಕ್ಷರ ಕೂಡ ಅ, ಆ, ಇ, ಈ ಅಂತ ಶುರುವಾಗುವುದಿಲ್ಲ. ರ, ಗ, ಸ, ದ, ಅ ಇಂದ ಶುರು. ಹಾಗಾಗಿ ಕೆಲವೇ ದಿನಗಳಲ್ಲಿ ಮಗು ‘ಸರ’, ‘ಅರಸ’, ‘ಗರಗಸ’ ಅಂತ ಪೂರ್ತಿ ಪದವನ್ನೇ ಓದಿಬಿಡುತ್ತದೆ. ಓದಿದೆ ಅನ್ನುವ ಖುಷಿ ಬೇಗ ಸಿಗುತ್ತದೆ. ಮಗು ಜ್ವರ ಬಂದು ಹದಿನೈದು ದಿನ ಶಾಲೆ ತಪ್ಪಿಸಿದರೆ, ವಾಪಸ್ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಯಾರೂ ಅದಕ್ಕಾಗಿ ಕಾದಿರುವುದಿಲ್ಲ, ಅದನ್ನು ಬಿಟ್ಟು ಮುಂದೆಯೂ ಹೋಗಿರುವುದಿಲ್ಲ.

ನನ್ನ ಮಗಳು ಆ ಮೂರು ವರ್ಷ ಕಲಿತದ್ದು ಹಾಗೆ. ಏಣಿಯಲ್ಲಿ ಅವಳು ಯಾವಾಗಲೂ ತನ್ನ ವಾರಿಗೆಯವರಿಗಿಂತ ಕೆಳಗೇ ಇದ್ದಳು. ಆದರೆ ತಾನು ಹಿಂದೆ ಬಿದ್ದಿದ್ದೇನೆ ಅಂತ ಅವಳಿಗೆ ಅನಿಸಿದ್ದೇ ಇಲ್ಲ. ಒಂದು, ಎರಡು, ಮೂರು ಎಲ್ಲ ತರಗತಿಯವರೂ ಒಟ್ಟಿಗೆ ಕೂರುವಾಗ ಯಾರು ಮುಂದೆ, ಯಾರು ಹಿಂದೆ ಅಂತ ನೋಡುವವರು ಯಾರು? ಅವಳು ಬಿಡಿಸಿದ ಚಿತ್ರ ಕಲಿಕಾ ಚಪ್ಪರದಲ್ಲಿ ಎಲ್ಲರ ಚಿತ್ರದ ಜೊತೆ ತೂಗುತ್ತಿತ್ತು. ಒತ್ತಕ್ಷರದ ಹತ್ತಿರ ಬಹಳ ದಿನ ನಿಂತಳು. ‘ಕತೆ’ ಮತ್ತು ‘ಕತ್ತೆ’ ಎರಡನ್ನೂ ಒಂದೇ ಥರ ಓದುತ್ತಿದ್ದಳು. ಟೀಚರ್ ಅವಸರ ಮಾಡಲಿಲ್ಲ. ಒಂದು ದಿನ ತಾನಾಗಿಯೇ ಬಿಡಿಸಿ ಓದಿದಳು. ಆಮೇಲೆ ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ ಯಾವುದನ್ನೂ ಓದದೆ ಬಿಡುತ್ತಿರಲಿಲ್ಲ.

ನಾಲ್ಕನೇ ತರಗತಿಗೆ ಬಂದದ್ದೇ ತಡ, ಏಣಿ ಇಲ್ಲ, ಕಾರ್ಡು ಇಲ್ಲ, ತಟ್ಟೆ ಇಲ್ಲ. ಪಠ್ಯಪುಸ್ತಕ ಬಂತು, ಎಲ್ಲರಿಗೂ ಒಂದೇ ಪುಟ ಬಂತು. ಜೂನ್ ತಿಂಗಳ ಪಾಠ ಜೂನ್‌ನಲ್ಲೇ ಮುಗಿಯಬೇಕು. ಮೂರನೇ ತರಗತಿಯ ಮಾರ್ಚ್ ತಿಂಗಳಲ್ಲಿ ತನ್ನ ವೇಗದಲ್ಲಿ ಕಲಿಯಬಹುದಾಗಿದ್ದ ಮಗುವಿನಲ್ಲಿ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಏನು ಬದಲಾಯಿತು ಅಂತ ಅದರ ವೇಗವನ್ನೇ ಕಿತ್ತುಕೊಂಡಿರಿ?

ಆ ವರ್ಷದ ಅವಳ ನೋಟ್‌ಬುಕ್ ನನ್ನ ಹತ್ತಿರ ಇದೆ. ಬೋರ್ಡಿನ ಮೇಲೆ ಬರೆದದ್ದನ್ನು ನೋಡಿ ಬರೆದುಕೊಳ್ಳುವ ಪುಸ್ತಕ. ಒಂದೊಂದು ಪುಟವೂ ಅರ್ಧಕ್ಕೆ ನಿಂತಿದೆ. ಪ್ರಶ್ನೆ ಇದೆ, ಉತ್ತರದ ಮೊದಲ ಸಾಲು ಇದೆ, ಎರಡನೇ ಸಾಲು ಪದದ ನಡುವೆಯೇ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಬೋರ್ಡು ಒರೆಸಿ ಆಗಿರುತ್ತಿತ್ತು. ಬರೆದಷ್ಟರಲ್ಲಿ ತಪ್ಪಿಲ್ಲ. ಅಕ್ಷರ ದುಂಡಗಿದೆ. ಆದರೆ ವರ್ಷವಿಡೀ ಒಂದೇ ಒಂದು ಉತ್ತರ ಪೂರ್ತಿಯಾಗಿಲ್ಲ. ಅರ್ಧ ಉತ್ತರವನ್ನು ಮನೆಯಲ್ಲಿ ಹೇಗೆ ಓದಿಕೊಳ್ಳುವುದು? ಓದಿಕೊಳ್ಳದೆ ಟೆಸ್ಟಿನಲ್ಲಿ ಏನು ಬರೆಯುವುದು? ಬೆಳಗ್ಗೆ ಚೀಲ ಹೆಗಲಿಗೆ ಹಾಕುವ ಹೊತ್ತಿಗೆ ಹೊಟ್ಟೆನೋವು ಅನ್ನತೊಡಗಿದಳು. ಭಾನುವಾರ ಹೊಟ್ಟೆನೋವು ಇರುತ್ತಿರಲಿಲ್ಲ. ಅದನ್ನು ನೋಡಿಯೇ ನಾನೂ ನನ್ನ ಯಜಮಾನರೂ ಮನೆಯಲ್ಲಿ ಕಲಿಸುವ ತೀರ್ಮಾನ ಮಾಡಿದೆವು.

ಆ ಟೀಚರನ್ನು ನಾನು ದೂರುವುದಿಲ್ಲ. ಎರಡು ತರಗತಿಗೆ ಅವರೊಬ್ಬರೇ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಸ್ಯಾಟ್ಸ್ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಮಕ್ಕಳ ಮಾಹಿತಿ ತುಂಬುವುದು, ಗಣತಿ, ಚುನಾವಣೆ ಎಲ್ಲ ಅವರ ತಲೆಯ ಮೇಲೇ. ಒಂದು ಮಗುವಿಗಾಗಿ ಬೋರ್ಡು ಒರೆಸದೆ ಅವರು ಎಷ್ಟು ಹೊತ್ತು ಕಾಯಲು ಸಾಧ್ಯ?

ಮನೆಯಲ್ಲಿ ಈಗ ಹೇಗೆ ನಡೆಯುತ್ತಿದೆ ಅಂತಲೂ ಹೇಳಬೇಕು. ನಮ್ಮದು ಅಡಕೆ ತೋಟದ ಮನೆ. ಲೆಕ್ಕಕ್ಕೆ ಅಡಕೆಯೇ ಆಗುತ್ತದೆ. ಭಾಗಾಕಾರ ಶುರು ಮಾಡಿದಾಗ 43 ಅಡಕೆ ಕೊಟ್ಟು ನಾಲ್ಕು ಜನಕ್ಕೆ ಸಮ ಹಂಚು ಅಂದೆ. ಹತ್ತು ಹತ್ತು ಇಟ್ಟಳು. ಮೂರು ಉಳಿಯಿತು. ‘ಇದು ಯಾರಿಗಮ್ಮ?’ ಅಂದಳು. ಯಾರಿಗೂ ಇಲ್ಲ, ಅದು ಶೇಷ ಅಂದೆ. ಅವಳಿಗೆ ಸಮಾಧಾನ ಆಗಲಿಲ್ಲ. ಹಂಚುವುದು ಅಂದ ಮೇಲೆ ಉಳಿಯುವುದು ಹೇಗೆ? ಮತ್ತೆ ಎಲ್ಲ ಗುಡ್ಡೆ ಹಾಕಿ ಮೊದಲಿನಿಂದ ಹಂಚಿದಳು. ಮತ್ತೆ ಮೂರೇ ಉಳಿಯಿತು. ಆ ವಾರ ಬೇರೆ ಯಾವ ಲೆಕ್ಕಕ್ಕೂ ಬರಲಿಲ್ಲ. ಐದು ಜನಕ್ಕೆ ಹಂಚಿದಳು, ಆರು ಜನಕ್ಕೆ ಹಂಚಿದಳು, ಏಳು ಜನಕ್ಕೆ ಹಂಚಿದಳು. ಕೊನೆಗೆ ಅವಳೇ ಬಂದು ಹೇಳಿದಳು: ‘ಅಮ್ಮ, ಉಳಿಯೋದು ಯಾವಾಗಲೂ ಜನಕ್ಕಿಂತ ಕಡಿಮೆನೇ ಇರ್ತದೆ. ಜನದಷ್ಟೇ ಉಳಿದ್ರೆ ಇನ್ನೊಂದೊಂದು ಕೊಡಬಹುದಲ್ಲ.’ ಶೇಷ ಯಾವಾಗಲೂ ಭಾಜಕಕ್ಕಿಂತ ಕಡಿಮೆ ಅನ್ನುವ ನಿಯಮವನ್ನು ನಾನು ಬಾಯಿಪಾಠ ಮಾಡಿದ್ದೆ. ಅವಳು ಅದನ್ನು ತಾನೇ ಕಂಡುಕೊಂಡಳು. ಆಮೇಲೆ ಭಾಗಾಕಾರದಲ್ಲಿ ಅವಳು ಎಡವಿದ್ದೇ ಇಲ್ಲ.

ಇದನ್ನು ಹೇಳಿದ್ದು ಮಗಳನ್ನು ಹೊಗಳಲಿಕ್ಕೆ ಅಲ್ಲ. ನಿಧಾನವಾಗಿ ಕಲಿಯುವ ಮಗುವಿಗೆ ಆ ಒಂದು ವಾರ ಸಿಕ್ಕರೆ ಏನಾಗುತ್ತದೆ, ಸಿಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹೇಳಿದೆ. ಸಿಗದಿದ್ದರೆ ಮಗುವಿಗೆ ಭಾಗಾಕಾರ ಬರುವುದಿಲ್ಲ. ಭಾಗಾಕಾರ ಬಾರದೆ ಭಿನ್ನರಾಶಿ ಬರುವುದಿಲ್ಲ. ಭಿನ್ನರಾಶಿ ಬಾರದೆ ಶೇಕಡ ಬರುವುದಿಲ್ಲ. ಏಳನೇ ತರಗತಿಗೆ ಬರುವಷ್ಟರಲ್ಲಿ ಆ ಮಗು ದಡ್ಡ ಅಂತ ಎಲ್ಲರೂ ಒಪ್ಪಿಕೊಂಡಿರುತ್ತಾರೆ, ಮಗುವೂ ಸೇರಿ.

ನೀವು ಕೇಳಬಹುದು, ಮಗುವಿಗೆ ಏನಾದರೂ ತೊಂದರೆ ಇದ್ದರೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತನ್ನಿ, ಅದಕ್ಕೆ ವ್ಯವಸ್ಥೆ ಇದೆಯಲ್ಲ ಅಂತ. ಮಾಡಿಸಿದೆವು. ಅವಳು ಯಾವ ಪಟ್ಟಿಯಲ್ಲೂ ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳಿವೆ. ಕಲಿಕಾ ನ್ಯೂನತೆಯೂ ಅದರಲ್ಲಿದೆ. ಸರ್ಟಿಫಿಕೇಟ್ ಇದ್ದ ಮಗುವಿಗೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಸಿಗುತ್ತದೆ. ಅದು ನ್ಯಾಯವೇ. ತೀವ್ರ ಅಂಗವೈಕಲ್ಯ ಇರುವ ಮಕ್ಕಳು ಮನೆಯಲ್ಲೇ ಶಿಕ್ಷಣ ಪಡೆಯಬಹುದು ಅಂತ ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಿದ್ದುಪಡಿಯೂ ಆಯಿತು. ಅದೂ ನ್ಯಾಯವೇ. ಆದರೆ ಐಕ್ಯೂ 70ರಿಂದ 85ರ ನಡುವೆ ಬರುವ ಮಕ್ಕಳು ಅತ್ತ ಅಂಗವಿಕಲರೂ ಅಲ್ಲ, ಇತ್ತ ತರಗತಿಯ ವೇಗಕ್ಕೆ ಹೊಂದುವವರೂ ಅಲ್ಲ. ಐಕ್ಯೂ ಅಳತೆಯನ್ನು ಮಾಡಿರುವ ರೀತಿಯಲ್ಲೇ ಸುಮಾರು ಏಳು ಮಕ್ಕಳಲ್ಲಿ ಒಬ್ಬರು ಈ ಗುಂಪಿಗೆ ಬರುತ್ತಾರೆ. 35 ಮಕ್ಕಳ ತರಗತಿ ಅಂದರೆ ಐದು ಮಕ್ಕಳು. ಇಷ್ಟೊಂದು ಮಕ್ಕಳಿಗೆ ಕಾಯ್ದೆಯಲ್ಲೂ ಜಾಗ ಇಲ್ಲ, ತರಗತಿಯಲ್ಲೂ ಜಾಗ ಇಲ್ಲ.

ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2022ರ ವರದಿ ನೋಡಿ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಎರಡನೇ ತರಗತಿಯ ಪಾಠ ಓದಬಲ್ಲವರು ಅರ್ಧಕ್ಕಿಂತ ಕಡಿಮೆ. ಕೋವಿಡ್ ಅದಕ್ಕೆ ಒಂದು ಕಾರಣ, ಒಪ್ಪುತ್ತೇನೆ. ಆದರೆ ಓದಲು ಬಾರದ ಮಗುವನ್ನು ಓದಲು ಬರುವ ಪುಟದವರೆಗೆ ಹಿಂದೆ ಕರೆದುಕೊಂಡು ಹೋಗುವ ನಲಿಕಲಿಯಂಥ ಏಣಿ ನಾಲ್ಕನೇ ತರಗತಿಯಿಂದ ಮೇಲೆ ಇಲ್ಲ. ಅದರ ಬದಲು ನಾವು ಪರೀಕ್ಷೆಯ ಬಗ್ಗೆ ಜಗಳ ಆಡಿದೆವು. ಐದು, ಎಂಟು, ಒಂಬತ್ತನೇ ತರಗತಿಗೆ ಬೋರ್ಡ್ ಪರೀಕ್ಷೆ ಬೇಕೋ ಬೇಡವೋ ಅಂತ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ಕೊಟ್ಟಿತು. ಪರೀಕ್ಷೆ ಬರೆದ ಮಕ್ಕಳು ಫಲಿತಾಂಶ ಏನು ಅಂತ ಗೊತ್ತಿಲ್ಲದೆ ಕಾದರು. ಪಾಸು ಮಾಡಿ ಮುಂದೆ ದಬ್ಬಿದರೂ ನಿಧಾನದ ಮಗುವಿಗೆ ಕಲಿಕೆ ಸಿಗುವುದಿಲ್ಲ, ಫೇಲು ಮಾಡಿ ಅದೇ ಬೆಂಚಿನಲ್ಲಿ ಕೂರಿಸಿದರೂ ಸಿಗುವುದಿಲ್ಲ. ಅದೇ ಪಾಠವನ್ನು ಅದೇ ವೇಗದಲ್ಲಿ ಇನ್ನೊಂದು ವರ್ಷ ಕೇಳಿದರೆ ಮತ್ತೆ ಅದೇ ಅರ್ಧ ಪುಟ.

ಕಾಯ್ದೆ ನಮ್ಮ ವಿರುದ್ಧ ಇದೆ ಅಂತ ಕೆಲವರು ಹೆದರಿಸುತ್ತಾರೆ. ಶಿಕ್ಷಣ ಹಕ್ಕು ಕಾಯ್ದೆಯನ್ನು ನಾನು ಓದಿದ್ದೇನೆ. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ 10ನೇ ಸೆಕ್ಷನ್ ಹೇಳುತ್ತದೆ. ಹೋಂಸ್ಕೂಲಿಂಗ್ ಅನ್ನುವ ಮಾತು ಇಡೀ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಅದೇ ಕಾಯ್ದೆಯ 29ನೇ ಸೆಕ್ಷನ್ ಮಗುವನ್ನು ಹೆದರಿಕೆ, ಆತಂಕದಿಂದ ದೂರ ಇಡಬೇಕು ಅನ್ನುತ್ತದೆ. 4ನೇ ಸೆಕ್ಷನ್ ಇನ್ನೂ ಮುಂದೆ ಹೋಗುತ್ತದೆ. ಶಾಲೆ ಬಿಟ್ಟಿದ್ದ ಮಗು ಮರಳಿ ಬಂದರೆ ಅದಕ್ಕೆ ವಿಶೇಷ ತರಬೇತಿ ಕೊಡಬೇಕು, ಹದಿನಾಲ್ಕು ವರ್ಷ ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಉಚಿತವಾಗಿ ಕಲಿಸಬೇಕು. ಅಂದರೆ ಎಲ್ಲ ಮಕ್ಕಳೂ ಒಂದೇ ವಯಸ್ಸಿಗೆ ಮುಗಿಸುವುದಿಲ್ಲ ಅಂತ ಕಾಯ್ದೆ ಬರೆದವರಿಗೂ ಗೊತ್ತಿತ್ತು.

ಇನ್ನು ನಿಮಗಿರುವ ಭಯ. ಅದು ಸುಳ್ಳು ಭಯ ಅಲ್ಲ. ಹೋಂಸ್ಕೂಲಿಂಗ್‌ಗೆ ಬಾಗಿಲು ತೆರೆದರೆ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂರಿಸಿ, ಪಾಠ ನಡೆಯುತ್ತಿದೆ ಅಂತ ಹೇಳಿ, ಹದಿನಾರಕ್ಕೇ ಮದುವೆ ಮಾಡುವವರು ಇರುತ್ತಾರೆ. ಗಂಡುಮಕ್ಕಳನ್ನು ಗ್ಯಾರೇಜಿಗೆ, ಹೋಟೆಲಿಗೆ ಕಳಿಸುವವರು ಇರುತ್ತಾರೆ. ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಇನ್ನೂ ನಿಂತಿಲ್ಲ ಅನ್ನುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಶಾಲೆಗೆ ಸೇರಿಸುವ ಕಡ್ಡಾಯವನ್ನು ಸಡಿಲ ಮಾಡಿ ಅಂತ ನಾನು ಕೇಳುವುದಿಲ್ಲ. ನಮ್ಮ ಮನೆಗೆ ಯಾರಾದರೂ ಬಂದು ನೋಡುವುದು ನನಗೆ ಬೇಕು. ಸುತ್ತಲಿನ ಶಾಲೆಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವ ಸಿಆರ್‌ಪಿ ಬರಲಿ. ಮಗಳ ಜೊತೆ ಮಾತಾಡಲಿ. ಅವಳ ಪುಸ್ತಕ ನೋಡಲಿ. ಮುಚ್ಚಿಡುವಂಥದ್ದು ಏನೂ ಇಲ್ಲ. ಕಲಿಯುವ ಮಗುವನ್ನೂ ಕಲಿಕೆ ತಪ್ಪಿದ ಮಗುವನ್ನೂ ಒಂದೇ ಕಾಲಂನಲ್ಲಿ ಬರೆದರೆ ನಿಜವಾಗಿ ಹುಡುಕಬೇಕಾದ ಮಗು ಕಣ್ಣಿಗೆ ಬೀಳುವುದೇ ಇಲ್ಲ.

ಎಲ್ಲ ತಾಯಂದಿರಿಗೂ ಇದು ಸಾಧ್ಯ ಇಲ್ಲ ಅನ್ನುವುದೂ ನನಗೆ ಗೊತ್ತು. ಪಕ್ಕದ ಮನೆಯಾಕೆ ಬೆಳಗ್ಗೆ ಎಂಟಕ್ಕೆ ಅಡಕೆ ಸುಲಿಯಲು ಹೋದರೆ ಬರುವುದು ಕತ್ತಲಾದ ಮೇಲೆ. ಅವರ ಮಗನೂ ನನ್ನ ಮಗಳ ಹಾಗೆಯೇ. ಅವನಿಗೆ ಮನೆಯಲ್ಲಿ ಪಾಠ ಹೇಳುವವರು ಯಾರೂ ಇಲ್ಲ. ಅವನಿಗೆ ಇರುವುದು ಶಾಲೆ ಮಾತ್ರ. ಆದ್ದರಿಂದ ನನ್ನ ಮೊದಲ ಬೇಡಿಕೆ ನನ್ನ ಮನೆಯದ್ದಲ್ಲ, ಆ ಹುಡುಗನದ್ದು. ನಲಿಕಲಿಯ ಏಣಿಯನ್ನು ಐದನೇ ತರಗತಿಯವರೆಗೆ ಏರಿಸಿ. ಎಲ್ಲ ವಿಷಯಕ್ಕೂ ಕಷ್ಟ ಆದರೆ ಕನ್ನಡಕ್ಕೂ ಗಣಿತಕ್ಕೂ ಮಾತ್ರ ಮಾಡಿ. ಮೂರನೇ ತರಗತಿಯ ಕೊನೆಗೆ ಏಣಿಯ ಯಾವ ಮೆಟ್ಟಿಲಿನಲ್ಲಿ ಮಗು ಇತ್ತೋ ಆ ಪ್ರಗತಿಯ ದಾಖಲೆ ನಾಲ್ಕನೇ ತರಗತಿಯ ಟೀಚರ್ ಕೈಗೆ ಬರಲಿ. ಈಗ ಅದು ಮೂರನೇ ತರಗತಿಯ ಕೋಣೆಯಲ್ಲೇ ಉಳಿದುಬಿಡುತ್ತದೆ.

ಮನೆಯಲ್ಲಿ ಕಲಿಯುವ ಮಕ್ಕಳಿಗೆ ಸ್ಯಾಟ್ಸ್‌ನಲ್ಲಿ ಒಂದು ಪ್ರತ್ಯೇಕ ವಿಭಾಗ ಮಾಡಿ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಹೆಸರು ಇರಲಿ, ಹಾಜರಿ ಬೇರೆ ಲೆಕ್ಕದಲ್ಲಿ ಇರಲಿ. ವರ್ಷಕ್ಕೊಮ್ಮೆಯೋ ಎರಡು ಸಲವೋ ನಲಿಕಲಿ ಗೊತ್ತಿರುವ ಟೀಚರ್ ಒಬ್ಬರು ಮಗುವನ್ನು ಕೂರಿಸಿಕೊಂಡು ನೋಡಲಿ. ‘ಐದನೇ ತರಗತಿಯ ಪಾಠ ಬರುತ್ತದೋ’ ಅಂತ ಕೇಳುವುದು ಬೇಡ. ಹೋದ ಸಲ ಎಲ್ಲಿದ್ದಳು, ಈ ಸಲ ಎಲ್ಲಿದ್ದಾಳೆ ಅಂತ ನೋಡಲಿ. ಮೇಲೆ ಹತ್ತಿದ್ದರೆ ಸರಿ. ಎರಡು ಸಲ ನೋಡಿದರೂ ಅಲ್ಲೇ ನಿಂತಿದ್ದರೆ ನಮ್ಮನ್ನು ಕರೆದು ಕೇಳಿ, ಮಗುವನ್ನು ಶಾಲೆಗೆ ಸೇರಿಸಿ ಅನ್ನಿ. ನಾನು ಒಪ್ಪುತ್ತೇನೆ.

ಪಠ್ಯಪುಸ್ತಕಗಳನ್ನು ಆನ್‌ಲೈನಿನಲ್ಲಿ ಉಚಿತವಾಗಿ ಇಟ್ಟಿದ್ದೀರಿ, ಅದರಿಂದ ನಮಗೆ ತುಂಬಾ ಉಪಕಾರ ಆಗಿದೆ. ನಲಿಕಲಿಯ ಕಾರ್ಡುಗಳ ಒಂದು ಕಟ್ಟು ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಕೇಳಿದ ಪೋಷಕರಿಗೆ ಸಿಗುವಂತಾಗಲಿ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಗಳು ಉಚಿತ ಸದಸ್ಯೆ. ಅಲ್ಲಿಂದ ಪುಸ್ತಕ ತರುತ್ತಾಳೆ. ಅಷ್ಟೇ ಸುಲಭವಾಗಿ ಪ್ರತಿಭಾ ಕಾರಂಜಿಗೂ, ಆಟೋಟಕ್ಕೂ ಊರ ಶಾಲೆಯ ಮಕ್ಕಳ ಜೊತೆ ಹೋಗುವ ಹಾಗಿರಲಿ. ಮನೆಯಲ್ಲಿ ನಾನು ಪಾಠ ಹೇಳಬಹುದು, ಲಗೋರಿ ಆಡಲು ಏಳೆಂಟು ಮಕ್ಕಳನ್ನು ಎಲ್ಲಿಂದ ತರಲಿ?

ಎಸ್ಸೆಸ್ಸೆಲ್ಸಿ ಬಗ್ಗೆ ಈಗಲೇ ಕೇಳುತ್ತಿದ್ದೇನೆ, ಯಾಕೆಂದರೆ ನಿಧಾನದ ಮಕ್ಕಳ ಪೋಷಕರು ಮುಂಚೆಯೇ ಯೋಚಿಸಬೇಕಾಗುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ, ಹತ್ತನೇ ತರಗತಿಗೆ ಹೆಸರು ನೋಂದಾಯಿಸಿದವರಿಗೆ ಐದು ವರ್ಷ ಸಮಯ ಇದೆ. ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂರಬಹುದು. ಒಂದು ಸಲಕ್ಕೆ ಒಂದೇ ವಿಷಯ ಬರೆದರೂ ಆಯಿತು, ಪಾಸಾದದ್ದು ಲೆಕ್ಕಕ್ಕೆ ಉಳಿಯುತ್ತದೆ. ಎಷ್ಟು ಮಕ್ಕಳು ಅದರಿಂದ ದಡ ಸೇರಿದ್ದಾರೆ! ನಮ್ಮ ರಾಜ್ಯದ ಮಂಡಳಿಯಲ್ಲೂ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಬಹುದು. ಆದರೆ ಹೊಸದಾಗಿ ಕಟ್ಟುವವರು ಆರೂ ವಿಷಯವನ್ನು ಒಟ್ಟಿಗೇ ಬರೆಯಬೇಕು. 2024ರಿಂದ ನೀವು ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಕೊಟ್ಟಿರಿ, ಅದು ಒಳ್ಳೆಯ ಕೆಲಸ. ಈಗಲೂ ಮೂರು ವಿಷಯದಲ್ಲಿ ಫೇಲಾದ ಮಗು ಆ ಮೂರನ್ನೇ ಮತ್ತೆ ಬರೆಯಬಹುದು. ಫೇಲಾದ ಮೇಲೆ ಸಿಗುವ ಅನುಕೂಲ ಫೇಲಾಗುವ ಮೊದಲೇ ಯಾಕೆ ಸಿಗಬಾರದು? ಮೊದಲ ಪರೀಕ್ಷೆಗೆ ಮೂರು, ಮುಂದಿನದಕ್ಕೆ ಮೂರು ಅಂತ ಮಗುವೇ ಆರಿಸಿಕೊಳ್ಳಲಿ. ಅಂಕಪಟ್ಟಿಯಲ್ಲಿ ಅದಕ್ಕೆ ಯಾವ ಗುರುತೂ ಬೇಡ.

ಇದಕ್ಕೆಲ್ಲ ಹೊಸ ಕಾಯ್ದೆ ಬೇಕಿಲ್ಲ, ಹೊಸ ಹುದ್ದೆಯೂ ಬೇಕಿಲ್ಲ. ನಲಿಕಲಿ ತರಬೇತಿ ಆದ ಟೀಚರ್‌ಗಳು ಪ್ರತಿ ಕ್ಲಸ್ಟರಿನಲ್ಲೂ ಇದ್ದಾರೆ. ಸ್ಯಾಟ್ಸ್ ನಿಮ್ಮದೇ ಕೈಯಲ್ಲಿದೆ. ಪರೀಕ್ಷೆಯ ವಿಷಯ ಮಾತ್ರ ಮಂಡಳಿಯ ಮುಂದೆ ಹೋಗಬೇಕು, ಅದಕ್ಕೆ ಸಮಯ ಹಿಡಿಯಬಹುದು. ನೋಂದಣಿ ಮತ್ತು ವರ್ಷದ ಮೌಲ್ಯಮಾಪನಕ್ಕೆ ಒಂದು ಸುತ್ತೋಲೆ ಸಾಕು. ಮೇ ಕೊನೆಯಲ್ಲಿ ಶಾಲೆಗಳು ತೆರೆಯುತ್ತವೆ, ದಾಖಲಾತಿ ಆಂದೋಲನ ಶುರುವಾಗುತ್ತದೆ, ಶಾಲೆ ಬಿಟ್ಟ ಮಕ್ಕಳ ಪಟ್ಟಿ ಹಿಡಿದು ಟೀಚರ್‌ಗಳು ಮನೆಮನೆಗೆ ಬರುತ್ತಾರೆ. ದಯವಿಟ್ಟು ಆ ಸುತ್ತೋಲೆಯನ್ನು ಅದಕ್ಕೂ ಮೊದಲೇ ಹೊರಡಿಸಿ. ಕರಡು ತಯಾರಿಸುವಾಗ ಇಂಥ ಮಕ್ಕಳ ಪೋಷಕರನ್ನೂ ನಲಿಕಲಿ ಟೀಚರ್‌ಗಳನ್ನೂ ಕರೆದು ಕೇಳಿ. ಬೆಂಗಳೂರಿಗಾದರೂ ಸರಿ, ನಾನು ಬರುತ್ತೇನೆ, ಮಗಳ ಎರಡೂ ನೋಟ್‌ಬುಕ್ ತರುತ್ತೇನೆ: ನಾಲ್ಕನೇ ತರಗತಿಯದ್ದು ಮತ್ತು ಈಗಿನದ್ದು.

ಇಂತಿ ನಿಮ್ಮ ವಿಶ್ವಾಸಿ,
ಮಗಳಿಗೆ ಮನೆಯಲ್ಲಿ ಪಾಠ ಹೇಳುತ್ತಿರುವ ಒಬ್ಬ ತಾಯಿ
ಶಿರಸಿ ತಾಲ್ಲೂಕು, ಉತ್ತರ ಕನ್ನಡ